ಡೊಂಕು ಗೆರೆಯ ಮೇಷ್ಟ್ರು ಪಾಲ್ ಕ್ಲೀ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಐದನೆಯ ತರಗತಿಯ ಪರಿಸರ ಅಧ್ಯಯನದ ಪಾಠವೊಂದನ್ನು ವೀಕ್ಷಿಸಲು ಹೋಗಿದ್ದೆ. ಹುಡುಗಿಯೊಬ್ಬಳು ಹುಳು ತಿಂದ ಎಲೆಯೊಂದನ್ನು ತೂತುಗಳ ಸಮೇತ ಬರೆದಿದ್ದಳು. ನಮ್ಮ ಪ್ರಶಿಕ್ಷಣಾರ್ಥಿ ಅದನ್ನು ಅಳಿಸಿ, ತೂತಿಲ್ಲದ ಎಲೆ ಬರೆಸಿದರು. ತಿದ್ದುವಿಕೆ ಚೆನ್ನಾಗಿದೆ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಬಂದೆ. ಚಿತ್ರಕಾರ ಪಾಲ್ ಕ್ಲೀ ಅವರ ಬದುಕನ್ನು ಓದುವಾಗ ಆ ಸಹಿ ನನ್ನನ್ನು ಕಾಡತೊಡಗಿತು.

ಕ್ಲೀ ಹುಟ್ಟಿದ್ದು 1879ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹತ್ತಿರ. ತಂದೆ ನಮ್ಮವರೇ ಅನ್ನಬೇಕು, ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಮಗನಿಗೂ ಪಿಟೀಲು ಒಲಿದಿತ್ತು. ಆದರೂ ಮ್ಯೂನಿಕ್‌ಗೆ ಹೋಗಿ ಚಿತ್ರಕಲೆ ಕಲಿತರು. ಮದುವೆಯಾದ ಮೇಲೆ ಪತ್ನಿ ಲಿಲಿ ಪಿಯಾನೋ ಪಾಠ ಹೇಳಿ ಸಂಸಾರ ತೂಗಿಸಿದರೆ, ಕ್ಲೀ ಅಡುಗೆ ಮಾಡುತ್ತ, ಮಗ ಫೆಲಿಕ್ಸ್‌ನನ್ನು ನೋಡಿಕೊಳ್ಳುತ್ತ ಚಿತ್ರ ಬರೆದರು. 1911ರಲ್ಲಿ ತಮ್ಮ ಕೃತಿಗಳ ಪಟ್ಟಿ ಮಾಡಲು ಕುಳಿತಾಗ ಅದರಲ್ಲಿ ತಮ್ಮ ಬಾಲ್ಯದ ಚಿತ್ರಗಳನ್ನೂ ಸೇರಿಸಿದರು. ಅಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

1914ರ ಟ್ಯುನಿಸಿಯಾ ಪ್ರವಾಸದಲ್ಲಿ ಅಲ್ಲಿನ ಬೆಳಕು ಅವರಿಗೆ ಬಣ್ಣದ ದಾರಿ ತೋರಿಸಿತು. ಮನೆ, ತೋಟ, ಗುಮ್ಮಟಗಳು ಬರಬರುತ್ತ ಬಣ್ಣದ ಚೌಕಗಳಾದವು. ಆ ಚೌಕಗಳ ಅಂಚುಗಳಲ್ಲಿ ಅಡಿಪಟ್ಟಿಯ ಬಿಗಿ ಇಲ್ಲ; ಹೊಲದ ಬದುಗಳಂತೆ ಒಂದಿಷ್ಟು ಓರೆ.

1921ರಿಂದ 1931ರವರೆಗೆ ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಅವರು ಮೇಷ್ಟ್ರಾಗಿದ್ದರು. ಎಲೆ ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಅದು ಹೇಗೆ ಬೆಳೆಯಿತು, ನರಗಳು ಹೇಗೆ ಕವಲೊಡೆದವು, ಅಂಚು ಆ ಆಕಾರಕ್ಕೆ ಏಕೆ ಬಂತು ಎಂಬುದರ ಕಡೆಗೆ ವಿದ್ಯಾರ್ಥಿಗಳ ಗಮನ ಸೆಳೆಯುತ್ತಿದ್ದರು. ಅವರ ಪಾಠದ ಟಿಪ್ಪಣಿಗಳೇ ಸಾವಿರಾರು ಪುಟ ಇವೆ. (ನಲವತ್ತು ಪಾಠಯೋಜನೆಗೆ ಗೊಣಗುವವರು ಇದನ್ನು ಗಮನಿಸಬಹುದು.) 1925ರಲ್ಲಿ ಆ ಪಾಠಗಳಿಂದ ಒಂದು ಚಿಕ್ಕ ಪುಸ್ತಕವೂ ಬಂತು. ಅದು ಶುರುವಾಗುವುದು ತನ್ನಿಚ್ಛೆಯಂತೆ ಅಲೆಯುವ ಒಂದು ಗೆರೆಯಿಂದ.

1933ರಲ್ಲಿ ನಾಜಿ ಆಡಳಿತ ಅವರನ್ನು ಡ್ಯುಸೆಲ್ಡಾರ್ಫ್ ಅಕಾಡೆಮಿಯ ಕೆಲಸದಿಂದ ತೆಗೆಯಿತು. ಬರ್ನ್‌ಗೆ ಮರಳಿದರು. 1935ರಲ್ಲಿ ಕಾಯಿಲೆ ಹಿಡಿಯಿತು. ಚರ್ಮ ಗಡುಸಾಗುತ್ತ ಹೋಯಿತು, ನುಂಗುವುದೂ ಕಷ್ಟವಾಯಿತು. 1936ರಲ್ಲಿ ಆದದ್ದು ಇಪ್ಪತ್ತೈದು ಚಿತ್ರ ಮಾತ್ರ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರುಮಾಡಿದರು. ನವಿರಾಗಿದ್ದ ಗೆರೆ ಈಗ ದಪ್ಪ, ಕಪ್ಪು, ಅಲ್ಲಲ್ಲಿ ತುಂಡಾದದ್ದು. ಗೋಣಿಬಟ್ಟೆಯ ಮೇಲೂ ಬರೆದರು, ಅದರ ಒರಟು ನೂಲು ಬಣ್ಣದಡಿ ಕಾಣುತ್ತಿರುವಂತೆಯೇ. 1939 ಒಂದೇ ವರ್ಷದಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಕೃತಿಗಳು! 1940ರ ಜೂನ್ 29ರಂದು ತೀರಿಕೊಂಡರು. ಹುಟ್ಟಿದ ನಾಡಿನ ಪೌರತ್ವಕ್ಕೆ ಹಾಕಿದ್ದ ಅರ್ಜಿ ಆಗಲೂ ಇತ್ಯರ್ಥವಾಗಿರಲಿಲ್ಲ.

ಮರುವಾರ ಅದೇ ಶಾಲೆಗೆ ಹೋದೆ. ಪ್ರಶಿಕ್ಷಣಾರ್ಥಿಯನ್ನು ಕರೆದು, ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದಿದ್ದನ್ನು ಅವರೆದುರೇ ಹೊಡೆದುಹಾಕಿದೆ. ಹುಡುಗಿಯ ಪುಸ್ತಕವನ್ನೂ ತರಿಸಿ ನೋಡಿದೆವು. ಅಳಿಸಿದ ಕಡೆ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಮೊದಲ ಎಲೆಯ ತೂತುಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು.