ಪರಮಾಣುವನ್ನು ತೂಗಿದ ಆಸ್ಟನ್

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಫ್ರಾನ್ಸಿಸ್ ವಿಲಿಯಂ ಆಸ್ಟನ್ನನ ಬಾಳು ನನ್ನ ಮನಸ್ಸನ್ನು ಸೆಳೆದಿದೆ. 1877ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿ ಹುಟ್ಟಿದ ಆತ, ಮೂರು ವರ್ಷ ಬಿಯರ್ ಕಾರ್ಖಾನೆಯೊಂದರಲ್ಲಿ ದುಡಿದು ಮತ್ತೆ ವಿದ್ಯೆಗೆ ಮರಳಿದ. ಓದು ನಿಲ್ಲಿಸಿ ಎರಡು ವರ್ಷ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದಿದ್ದ ನನಗೆ ಇದು ಧೈರ್ಯ ತಂದಿತು.

1919ರಲ್ಲಿ ಕೇಂಬ್ರಿಜ್ಜಿನಲ್ಲಿ ಆತ ಮಾಸ್ ಸ್ಪೆಕ್ಟ್ರೋಗ್ರಾಫ್ ಎಂಬ ಉಪಕರಣವನ್ನು ರಚಿಸಿದ. ಅದು ವಿದ್ಯುದಾವೇಶ ಹೊಂದಿದ ಪರಮಾಣುಗಳನ್ನು ವಿದ್ಯುತ್ತಿನಿಂದಲೂ ಅಯಸ್ಕಾಂತದಿಂದಲೂ ಬಾಗಿಸಿ, ತೂಕಕ್ಕೆ ತಕ್ಕಂತೆ ಬೇರ್ಪಡಿಸುತ್ತಿತ್ತು. ಕ್ಲೋರಿನ್ನಿನ ಪರಮಾಣುತೂಕ ಸುಮಾರು 35.5 ಎಂದು ಪುಸ್ತಕಗಳು ಹೇಳುತ್ತಿದ್ದವು. ಅಷ್ಟು ತೂಗುವ ಪರಮಾಣು ಒಂದೂ ಇಲ್ಲ, ಇರುವುವು 35 ಮತ್ತು 37 ಎಂದು ಆಸ್ಟನ್ ತೋರಿಸಿದ. 1922ರಲ್ಲಿ ನೊಬೆಲ್ ಪಾರಿತೋಷಕ ಪಡೆದು, 1945ರಲ್ಲಿ ಕಾಲವಾದ.

ಆ ಉಪಕರಣದ ಸಂತತಿ ಇಂದು ಆಹಾರದಲ್ಲಿ ಕೀಟನಾಶಕದ ಲೇಶವನ್ನೂ, ಕ್ರೀಡಾಪಟುವಿನ ಮೂತ್ರದಲ್ಲಿ ನಿಷಿದ್ಧ ಔಷಧವನ್ನೂ, ಹಸುಗೂಸಿನ ರಕ್ತದ ಹನಿಯಲ್ಲಿ ರೋಗದ ಸುಳಿವನ್ನೂ ಹಿಡಿಯುತ್ತಿದೆ. ಸರಾಸರಿಗೆ ಮರುಳಾಗದೆ ಒಂದೊಂದನ್ನೂ ಬೇರೆಯಾಗಿಯೇ ತೂಗಬೇಕೆಂಬುದು ಆತನಿಂದ ನಾನು ಕಲಿತ ಪಾಠ.