ಸಹಿಯಿಲ್ಲದ ಪತ್ರ: ರಮಣ ಮಹರ್ಷಿಗಳ ಬದುಕಿನ ಒಂದು ನೋಟ

ಮುಂದೆ ರಮಣ ಮಹರ್ಷಿಗಳೆಂದು ಲೋಕವಿಖ್ಯಾತರಾದ ವೆಂಕಟರಾಮನ್ ಜನಿಸಿದ್ದು ತಮಿಳುನಾಡಿನ ತಿರುಚ್ಚುಳಿಯಲ್ಲಿ, 1879ರ ಡಿಸೆಂಬರ್ 30ರಂದು. ತಂದೆ ಸುಂದರಂ ಅಯ್ಯರ್ ವಕೀಲಿ ವೃತ್ತಿಯವರು, ತಾಯಿ ಅಳಗಮ್ಮಾಳ್. 1892ರಲ್ಲಿ ತಂದೆ ತೀರಿಕೊಂಡ ಬಳಿಕ ಬಾಲಕನು ಮಧುರೆಯಲ್ಲಿದ್ದ ಚಿಕ್ಕಪ್ಪನ ಮನೆ ಸೇರಿದನು. ವೇದಾಂತಗ್ರಂಥಗಳ ಪರಿಚಯ ಅವನಿಗಿರಲಿಲ್ಲ. ಹರಿಹರನ ರಗಳೆಗಳ ಮೂಲಕ ಕನ್ನಡಿಗರೂ ಬಲ್ಲ ಪುರಾತನರ ಚರಿತೆಯನ್ನು ತಮಿಳಿನ ಪೆರಿಯಪುರಾಣದಲ್ಲಿ ಓದಿ ಮನಸೋತಿದ್ದನು, ಅಷ್ಟೆ.

1896ರ ಜುಲೈ ತಿಂಗಳಲ್ಲಿ, ಆರೋಗ್ಯವಂತನಾಗಿದ್ದ ಈ ಹದಿನಾರರ ತರುಣನನ್ನು ಮರಣಭಯವು ಹಠಾತ್ತನೆ ಆವರಿಸಿತು. ಅವನು ಯಾರನ್ನೂ ಕರೆಯಲಿಲ್ಲ. ಶವದಂತೆ ಮಲಗಿ, ಉಸಿರು ಬಿಗಿಹಿಡಿದು, ದೇಹ ಅಳಿದ ಮೇಲೆ ಉಳಿಯುವುದೇನೆಂದು ಶೋಧಿಸಿದನು. ದೇಹಕ್ಕೆ ಅಂಟಿದ ಅಹಂಕಾರವು ಕಳಚಿತು. ಸಾವಿಗೆ ಸಿಲುಕದ ಅರಿವೊಂದು ನೆಲೆಗೊಂಡಿತು.

ಆರು ವಾರಗಳ ತರುವಾಯ, ಆಗಸ್ಟ್ 29ರಂದು, ಅಣ್ಣನ ಕಾಲೇಜು ಶುಲ್ಕಕ್ಕೆಂದಿದ್ದ 5 ರೂಪಾಯಿಗಳಲ್ಲಿ 3ನ್ನು ಮಾತ್ರ ತೆಗೆದುಕೊಂಡು ಅವನು ಮನೆ ಬಿಟ್ಟನು. ಬರೆದಿಟ್ಟ ಪತ್ರವು ಭಾಷಾಭ್ಯಾಸಿಗಳ ವಿಶೇಷ ಗಮನಕ್ಕೆ ಅರ್ಹವಾದುದು. ಉತ್ತಮಪುರುಷ ಸರ್ವನಾಮದಿಂದ ತೊಡಗುವ ಅದು ಕೆಲವೇ ಮಾತುಗಳಲ್ಲಿ ಪ್ರಥಮಪುರುಷದ ನಪುಂಸಕಕ್ಕೆ ತಿರುಗುತ್ತದೆ. ಕೊನೆಯಲ್ಲಿ ಸಹಿಯ ಸ್ಥಾನದಲ್ಲಿ ಬರಿಯ ಗೆರೆಯಿದೆ. ಬರೆದವನು ಬರವಣಿಗೆಯೊಳಗೇ ಕರಗಿಹೋಗಿದ್ದಾನೆ.

ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ತಲುಪಿದ ಅವರು ಮತ್ತೆ ಆ ಕ್ಷೇತ್ರವನ್ನು ಬಿಡಲಿಲ್ಲ. ಪಾತಾಳಲಿಂಗದ ಗುಹೆಯಲ್ಲಿ ಹುಳುಹುಪ್ಪಟೆಗಳು ಮೈಯನ್ನು ಕಚ್ಚಿದರೂ ಎಚ್ಚರವಿರಲಿಲ್ಲ. 1898ರಲ್ಲಿ ತಾಯಿ ಅಲ್ಲಿಗೆ ಬಂದು, ಮನೆಗೆ ಮರಳೆಂದು ದಿನಗಟ್ಟಲೆ ಕಣ್ಣೀರಿಟ್ಟು ಬೇಡಿದರು. ಮಗ ಮೌನ ಮುರಿಯಲಿಲ್ಲ. ಎಲ್ಲವೂ ಪ್ರಾರಬ್ಧದಂತೆಯೇ ನಡೆಯುವುದೆಂಬ ಅರ್ಥದ ಉತ್ತರವನ್ನು ಕಾಗದದ ಮೇಲೆ ಬರೆದುಕೊಟ್ಟರು. ತಾಯಿ ಬರಿಗೈಯಲ್ಲಿ ಹಿಂದಿರುಗಿದರು. ಅಹಂಕಾರದ ತ್ಯಾಗವೆಂದರೆ ಅಂತಃಕರಣದ ತ್ಯಾಗವೂ ಹೌದೇ ಎಂಬ ಪ್ರಶ್ನೆ ಇಲ್ಲಿ ಅನಿವಾರ್ಯವಾಗಿ ಏಳುತ್ತದೆ.

ಇದಕ್ಕೆ ಉತ್ತರ ಅವರ ಮುಂದಿನ ಬದುಕಿನಲ್ಲಿದೆ. 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಕೇಳಿದ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ನೀಡಿದ ಉತ್ತರಗಳು ಆತ್ಮವಿಚಾರ ಮಾರ್ಗವನ್ನು ಸ್ಪಷ್ಟಪಡಿಸಿದವು. 1907ರಲ್ಲಿ ಗಣಪತಿ ಮುನಿಗಳು ಅವರನ್ನು ಭಗವಾನ್ ಶ್ರೀ ರಮಣ ಮಹರ್ಷಿ ಎಂದು ಘೋಷಿಸಿದರು. ಪ್ರಾರಬ್ಧದ ಮಾತನ್ನು ಬರೆದುಕೊಟ್ಟ ಅದೇ ಕೈ, 1914ರಲ್ಲಿ ತಾಯಿ ಜ್ವರಪೀಡಿತರಾದಾಗ ಅವರ ಗುಣಕ್ಕಾಗಿ ಅರುಣಾಚಲನನ್ನು ಬೇಡುವ ಪದ್ಯಗಳನ್ನು ರಚಿಸಿತು. 1916ರಲ್ಲಿ ತಾಯಿ ಮಗನ ಬಳಿಯೇ ನೆಲೆಸಿದರು. ಆದರೆ ಅಲ್ಲಿ ಅವರಿಗೆ ತಾಯಿಯೆಂಬ ವಿಶೇಷ ಅಧಿಕಾರವಿರಲಿಲ್ಲ. ಮಮಕಾರವು ದಿನದಿನಕ್ಕೆ ಸವೆದು ಅವರೂ ಸಾಧಕಿಯಾದರು. 1922ರ ಮೇ 19ರಂದು ಅವರು ಕೊನೆಯುಸಿರೆಳೆಯುವವರೆಗೆ, ರಮಣರು ಒಂದು ಕೈಯನ್ನು ಹೃದಯದ ಮೇಲೂ ಇನ್ನೊಂದನ್ನು ತಲೆಯ ಮೇಲೂ ಇರಿಸಿ ಬಳಿಯಲ್ಲೇ ಕುಳಿತಿದ್ದರು. ಅದೇ ವರ್ಷ ಬೆಟ್ಟದಿಂದಿಳಿದು ತಾಯಿಯ ಸಮಾಧಿಯ ಬಳಿ ನೆಲೆನಿಂತರು. ರಮಣಾಶ್ರಮ ಬೆಳೆದದ್ದು ಆ ಸಮಾಧಿಯ ಸುತ್ತಲೇ.

1949ರಲ್ಲಿ ಎಡತೋಳಿನಲ್ಲಿ ಅರ್ಬುದ ಕಾಣಿಸಿಕೊಂಡಿತು. ಹಲವು ಶಸ್ತ್ರಚಿಕಿತ್ಸೆಗಳ ನಡುವೆಯೂ ಭಕ್ತರಿಗೆ ದರ್ಶನ ನಿಲ್ಲಲಿಲ್ಲ. 1950ರ ಏಪ್ರಿಲ್ 14ರ ರಾತ್ರಿ ಅವರು ದೇಹ ತ್ಯಜಿಸಿದರು. ಹದಿನಾರರ ವಯಸ್ಸಿನಲ್ಲಿ ಸಹಿಯನ್ನು ಬಿಟ್ಟವರು ಎಪ್ಪತ್ತರಲ್ಲಿ ದೇಹವನ್ನೂ ಅಷ್ಟೇ ನಿರಾಯಾಸವಾಗಿ ಬಿಟ್ಟರು. ಪ್ರತ್ಯೇಕತೆಯ ಭಾವ ಅಳಿದೆಡೆಯಲ್ಲಿ ಪ್ರೀತಿ ಅಳಿಯುವುದಿಲ್ಲ, ಒಬ್ಬರದಾಗಿದ್ದುದು ಎಲ್ಲರದಾಗುತ್ತದೆ ಎಂಬುದಕ್ಕೆ ಆ ಬದುಕೇ ಪ್ರಮಾಣ.