ಡೆಮ್ಲೊ ನಿಲ್ದಾಣದ ಗಣಿತಜ್ಞ ಕಾಪ್ರೇಕರ್

ಮುಂಬೈಯ ಮಧ್ಯ ರೈಲ್ವೆಯಲ್ಲಿ ದಿನನಿತ್ಯ ಸಂಚರಿಸುವ ನಾವು ಡೊಂಬಿವಲಿ ನಿಲ್ದಾಣವನ್ನು ಅದೆಷ್ಟು ಬಾರಿ ದಾಟಿದ್ದೇವೆಯೋ ಲೆಕ್ಕವಿಲ್ಲ. ಅದರ ಹಿಂದಿನ ಹೆಸರಾದ ಡೆಮ್ಲೊ ಗಣಿತಶಾಸ್ತ್ರದಲ್ಲಿ ಚಿರವಾಗಿ ಉಳಿದಿರುವುದನ್ನು ನಮ್ಮಲ್ಲಿ ಅನೇಕರು ಅರಿಯೆವು. ಅದನ್ನು ಉಳಿಸಿದವರು ನಾಸಿಕದ ಸಮೀಪದ ದೇವಳಾಲಿಯ ಶಾಲಾ ಶಿಕ್ಷಕ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು.

1905ರ ಜನವರಿ 17ರಂದು ಡಹಾಣುವಿನಲ್ಲಿ ಜನಿಸಿದ ಕಾಪ್ರೇಕರ್ ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಗುಮಾಸ್ತರಾಗಿದ್ದ ತಂದೆಗೆ ಜ್ಯೋತಿಷ್ಯದಲ್ಲಿ ಒಲವಿತ್ತು; ಮಗನಿಗೆ ಅಂಕೆಗಳ ನಂಟು ಬಾಲ್ಯದಲ್ಲೇ ಬೆಳೆಯಿತು. ಠಾಣೆಯಲ್ಲಿ ಶಾಲಾ ಶಿಕ್ಷಣ ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದ ಅವರು 1927ರಲ್ಲಿ ರ‍್ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನವನ್ನೂ 1929ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆದರು. ಸ್ನಾತಕೋತ್ತರ ಶಿಕ್ಷಣ ಅವರಿಗೆ ಒದಗಲಿಲ್ಲ. 1930ರಿಂದ 1962ರವರೆಗೆ ದೇವಳಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದರು.

ಡೆಮ್ಲೊ ನಿಲ್ದಾಣದಲ್ಲಿ ಅವರಿಗೆ ಹೊಳೆದ ಸಂಖ್ಯೆಗಳೇ ಡೆಮ್ಲೊ ಸಂಖ್ಯೆಗಳು. ಇವುಗಳಲ್ಲಿ ಮೊದಲ ಹಾಗೂ ಕೊನೆಯ ಭಾಗಗಳನ್ನು ಕೂಡಿದರೆ ನಡುವಿನ ಅಂಕೆಯೇ ದೊರೆಯುತ್ತದೆ. 1665ರಲ್ಲಿ 1ಕ್ಕೆ 5 ಕೂಡಿದರೆ 6. ಇವುಗಳ ಪೈಕಿ ಭವ್ಯವಾದುದು ಹದಿನೇಳು ಅಂಕೆಗಳ 12345678987654321. ಇದು ಒಂಬತ್ತು ಒಂದುಗಳ ಸಂಖ್ಯೆಯಾದ 111111111ರ ವರ್ಗ. ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಒಂಬತ್ತು ಬಾರಿ ಬರೆದು ಕೂಡಿದಾಗ ಮೊತ್ತಗಳು 9ರವರೆಗೆ ಏರಿ ಮತ್ತೆ ಇಳಿಯುತ್ತವೆ. ಎಡಭಾಗದ 12345678ಕ್ಕೆ ಬಲಭಾಗದ 87654321 ಕೂಡಿದರೆ ಬರುವುದು 99999999. ನಡುವೆ ನಿಂತಿರುವುದೂ 9. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಮೊತ್ತ 10 ಆಗಿ ದಶಕ ಮುಂದಕ್ಕೆ ಹೋಗುತ್ತದೆ, ಈ ಸೊಬಗು ಕೆಡುತ್ತದೆ.

ಈ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು 3, 37 ಮತ್ತು 333667 ಮಾತ್ರ. ಅಂಕೆಗಳ ಮೊತ್ತ 81. ಸಂಖ್ಯೆಯು 81ರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಭಾಗಲಬ್ಧವು 12345679ರ ವರ್ಗ. ತನ್ನ ಅಂಕೆಗಳ ಮೊತ್ತದಿಂದ ಭಾಗವಾಗುವ ಇಂತಹ ಸಂಖ್ಯೆಗಳಿಗೆ ಕಾಪ್ರೇಕರ್ ಹರ್ಷದ ಸಂಖ್ಯೆಗಳೆಂದು ಹೆಸರಿಟ್ಟರು. ಹರ್ಷವನ್ನು ಕೊಡುವುದು ಎಂದು ಅದರ ಅರ್ಥ.

ಆದರೆ ದೇಶದ ವಿದ್ವಾಂಸರಲ್ಲಿ ಅನೇಕರು ಇದನ್ನು ಮಕ್ಕಳಾಟವೆಂದು ನಕ್ಕರು. ಕಾಪ್ರೇಕರ್ ಎದೆಗುಂದಲಿಲ್ಲ. 6174 ಎಂಬ ಸಂಖ್ಯೆಯ ವೈಚಿತ್ರ್ಯವನ್ನು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಮುಂದಿಟ್ಟರು. ಇಂದು ಅದು ಕಾಪ್ರೇಕರ್ ಸ್ಥಿರಾಂಕವೆಂದು ಪ್ರಸಿದ್ಧ. 1966ರಲ್ಲಿ ಪತ್ನಿ ತೀರಿಕೊಂಡ ಬಳಿಕ ಪಿಂಚಣಿ ಸಾಲದೆ ಮನೆಪಾಠ ಹೇಳಿ ಜೀವನ ಸಾಗಿಸಬೇಕಾಯಿತು. 1975ರಲ್ಲಿ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಪರಿಚಯಿಸಿದ ಮೇಲೆ ಅವರ ಕೀರ್ತಿ ಜಗತ್ತಿಗೆ ಹಬ್ಬಿತು. ಆಗ ಅವರಿಗೆ ಎಪ್ಪತ್ತು ವರ್ಷ. 1986ರಲ್ಲಿ ದೇವಳಾಲಿಯಲ್ಲೇ ಕಣ್ಮುಚ್ಚಿದರು.

ದೊಡ್ಡ ಪದವಿಯಾಗಲಿ ಸಂಶೋಧನಾಲಯವಾಗಲಿ ಇಲ್ಲದೆ, ಕಾಗದ ಪೆನ್ಸಿಲುಗಳ ಬಲದಿಂದಲೇ ಹೊಸದನ್ನು ಕಾಣಬಹುದೆಂಬುದಕ್ಕೆ ಈ ಬಾಳು ಸಾಕ್ಷಿ. ನಮ್ಮ ಮಕ್ಕಳು ಪಠ್ಯದಾಚೆಗಿನ ಲೆಕ್ಕವೊಂದರಲ್ಲಿ ಮೈಮರೆತಾಗ ಅದನ್ನು ಕಾಲಹರಣವೆಂದು ಗದರಿಸುವ ಮುನ್ನ ನಾವು ಈ ಮೇಷ್ಟ್ರನ್ನು ನೆನೆಯೋಣ.